ಗುರುತಿನ ಮಸಿ

ಬಾಯಿ ಬಿಡಬಾರದು. ಇಷ್ಟೇ ಷರತ್ತು.

ಅಂಗಿ ಬಿಚ್ಚು ಅಂದರೆ ಬಿಚ್ಚಬೇಕು. ಮಲಗು ಅಂದರೆ ಮಲಗಬೇಕು. ಉಸಿರು ಎಳೆ ಅಂದರೆ ಎಳೆಯಬೇಕು. ಯಾರು ಮುಟ್ಟಿದರು, ಯಾಕೆ ಮುಟ್ಟಿದರು ಅಂತ ಕೇಳುವ ಹಾಗಿಲ್ಲ. ಪರೀಕ್ಷೆಗೆ ಬಂದ ಹುಡುಗರು “ನಿನಗೇನಾಗಿದೆಯಮ್ಮಾ?” ಅಂದರೆ ಉತ್ತರ ಒಂದೇ. “ಏನೂ ಇಲ್ಲ, ಕೆಮ್ಮು ಅಷ್ಟೇ.” ಹನ್ನೊಂದು ವರ್ಷದ ಹಿಂದೆ ದೊಡ್ಡ ಡಾಕ್ಟರು ಇದನ್ನು ಬಟ್ಟೆಯಕ್ಕನಿಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ ಅಂತಲೂ ಹೇಳಿದ್ದರು, ನಗುತ್ತಲೇ ಹೇಳಿದ್ದರು.

ಬಟ್ಟೆಯಕ್ಕ ಅಂದರೆ ಆ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಡಾಕ್ಟರಿಕೆ ಓದುವವರು ಕೆಲಸ ಕಲಿಯುವ ದೊಡ್ಡ ಆಸ್ಪತ್ರೆ ಅದು. ಅದರ ಲಾಂಡ್ರಿಯಲ್ಲಿ ಅವಳು ಹದಿನಾಲ್ಕು ವರ್ಷದಿಂದ ಇದ್ದಾಳೆ. ರಕ್ತ, ಕೀವು, ವಾಂತಿ, ಉಚ್ಚೆ, ಎಂಥೆಂಥಾ ದೊಡ್ಡ ಮನುಷ್ಯರ ಒಳಗಿನದೂ ಅವಳ ಕೈಯಿಂದ ಹಾದುಹೋಗಿದೆ. ಒದ್ದೆ ಗಂಟು ಎತ್ತಿ ಎತ್ತಿ ಒಂದು ಹೆಗಲು ಇಳಿಬಿದ್ದಿದೆ. ಬಟ್ಟೆ ಒಗೆಯುವ ಸೋಡಾ ನೀರಿಗೆ ಉಗುರು ಸವೆದಿದೆ. ಒಣಗಿದ ಮೇಲೆ ಪ್ರತಿ ಹಾಸುಬಟ್ಟೆಯ ಮೂಲೆಗೆ ವಾರ್ಡಿನ ಹೆಸರು ಬರೆಯುವುದೂ ಅವಳದೇ ಕೆಲಸ. ಬರೆಯದಿದ್ದರೆ ಒಂದು ವಾರ್ಡಿನ ಬಟ್ಟೆ ಇನ್ನೊಂದಕ್ಕೆ ಹೋಗಿ ನರ್ಸುಗಳು ಜಡೆ ಹಿಡಿದು ಜಗಳಾಡುತ್ತಾರೆ. ಅದಕ್ಕಂತಲೇ ಒಂದು ಮಸಿ ಇದೆ, ಸಣ್ಣ ಕಪ್ಪು ಸೀಸೆಯಲ್ಲಿ. ಎಂಟು ಸಲ ಕುದಿಸಿದರೂ ಬಿಡದ ಮಸಿ. ಶಾಲೆ ಮೂರನೇ ಕ್ಲಾಸಿಗೇ ಬಿಟ್ಟವಳು ಅಕ್ಷರ ಕಲಿತದ್ದೆಲ್ಲ ಆ ಮಸಿಯಿಂದಲೇ.

ಕೆಮ್ಮು ಮಾತ್ರ ಹುಟ್ಟಿನಿಂದ ಬಂದದ್ದು. ಅವಳಿಗೂ ಇದೆ, ಅವಳ ತಂಗಿಗೂ ಇದೆ. ವರ್ಷವಿಡೀ ಮೂಗು ಸೋರುತ್ತದೆ. “ಬಸುರಿಯಾಗಿದ್ದಾಗ ತಣ್ಣೀರಲ್ಲಿ ನಿಂತು ಬಟ್ಟೆ ಒಗೆದೆಯಲ್ಲ, ಅದಕ್ಕೇ ಎರಡೂ ಹೀಗೆ ಹುಟ್ಟಿದವು” ಅಂತ ನೆಂಟರೆಲ್ಲ ಅವಳ ಅವ್ವನ ಜೀವ ತಿಂದಿದ್ದರು. ಅವ್ವ ಅದನ್ನು ನಂಬಿದಳು. ಸಾಯುವ ದಿನವೂ ಮಕ್ಕಳ ಕೈ ಹಿಡಿದು “ನಂದೇ ತಪ್ಪು ಕಣ್ರೇ” ಅಂದು ಕಣ್ಣು ಮುಚ್ಚಿದಳು.

ಆ ಕೆಮ್ಮಿಗೇ ಹನ್ನೊಂದು ವರ್ಷದ ಹಿಂದೆ ಎಕ್ಸ್‌ರೇ ತೆಗೆದಿದ್ದರು. ತೆಗೆದವನು ಹಾಳೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ಹಿಡಿದು, ಮತ್ತೆ ತಿರುಗಿಸಿ ಹಿಡಿದು, ಎದ್ದು ಓಡಿದ. ದೊಡ್ಡ ಡಾಕ್ಟರು ಬಂದರು. ಅವರ ಹಿಂದೆ ಇನ್ನೂ ನಾಲ್ವರು ಬಂದರು. ಅವಳನ್ನು ನೋಡಿ ಯಾರೂ ಮರುಗಲಿಲ್ಲ, ಎಲ್ಲರೂ ನಕ್ಕರು. ಮದುವೆ ಮನೆಯವರ ಹಾಗೆ ನಕ್ಕರು. ಅವಳಿಗೆ ಸಂಶಯ ಹುಟ್ಟಿದ್ದು ಅಲ್ಲಿಂದಲೇ. ಕಾಯಿಲೆ ಕಂಡರೆ ಡಾಕ್ಟರು ನಗುತ್ತಾರಾ? ಇಲ್ಲ. ಕಾಯಿಲೆ ಇಲ್ಲದಿದ್ದರೆ ಇಷ್ಟು ಜನ ಬರುತ್ತಾರಾ? ಅದೂ ಇಲ್ಲ. “ನನಗೇನಾಗಿದೆ ಸಾರ್?” ಅಂತ ಕೇಳಿದಳು. “ಏನೂ ಆಗಿಲ್ಲ, ನೀನು ಗಟ್ಟಿಮುಟ್ಟಾಗಿದ್ದೀಯ. ವರ್ಷಕ್ಕೆ ಎರಡು ದಿನ ಪರೀಕ್ಷೆ ಹಾಲಿಗೆ ಬಂದು ಮಲಗು. ಚಹಾ ಬನ್ನು ಕೊಡ್ತಾರೆ. ಆವತ್ತು ಲಾಂಡ್ರಿ ಕೆಲಸ ಇಲ್ಲ” ಅಂದರು.

ಬೆಳ್ಳಗಿರುವುದೆಲ್ಲ ಹಾಲಲ್ಲ. ಬಿಳಿ ಕೋಟು ಒಗೆಯುವವಳಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪರೀಕ್ಷೆ ಹಾಲಿಗೆ ಹೋಗುವ ಓಣಿಯಲ್ಲಿ ಗೋಡೆಯುದ್ದಕ್ಕೂ ಗಾಜಿನ ಜಾಡಿಗಳಿದ್ದವು. ಜಾಡಿಗಳೊಳಗೆ ಮಕ್ಕಳು. ಒಂದಕ್ಕೆ ಹಣೆಯ ನಡುವೆ ಒಂದೇ ಕಣ್ಣು. ಒಂದಕ್ಕೆ ಎರಡು ಕಾಲೂ ಬೆಸೆದು ಒಂದಾಗಿದೆ. ಒಂದಕ್ಕೆ ನೆತ್ತಿಯೇ ಮುಚ್ಚಿಕೊಂಡಿಲ್ಲ. ಹುಟ್ಟುವ ಮೊದಲೇ ಅಚ್ಚು ತಪ್ಪಿದ ಮಕ್ಕಳು. ಯಾವ ತಾಯಿಯ ಹೊಟ್ಟೆಯ ಸಂಕಟವೋ. ಮಗು ಸತ್ತು ಹುಟ್ಟಿತು ಅಂತ ಆ ತಾಯಿಗೆ ಹೇಳಿರುತ್ತಾರೆ, ಇಲ್ಲಿ ಸಾಲಿಗೆ ಇಟ್ಟಿದ್ದೇವೆ ಅಂತ ಹೇಳಿರುವುದಿಲ್ಲ. ಸಾಲಿನ ಕೊನೆಯಲ್ಲಿ ದೊಡ್ಡದೊಂದು ಜಾಡಿ ಖಾಲಿ ಇತ್ತು. ಪ್ರತಿ ವರ್ಷವೂ ಖಾಲಿಯೇ ಇರುತ್ತಿತ್ತು. ಬಟ್ಟೆಯಕ್ಕ ಅದರ ಮುಂದೆ ಹಾದುಹೋಗುವಾಗೆಲ್ಲ ಕಣ್ಣಿನಲ್ಲೇ ತನ್ನ ಅಳತೆ ತೆಗೆದುಕೊಳ್ಳುತ್ತಿದ್ದಳು. ಒಮ್ಮೆ ಜವಾನನನ್ನು ಕೇಳಿಯೂ ಬಿಟ್ಟಳು, “ಇದು ಯಾರಿಗಪ್ಪಾ?” “ನಿನಗೆ ಸಾಲಲ್ಲ ಬಿಡಕ್ಕ, ನೀನು ದಪ್ಪ” ಅಂದು ಅವನು ಹಲ್ಲು ಕಿಸಿದ. ಅವಳು ನಗಲಿಲ್ಲ.

ಈಗ ಈ ವರ್ಷದ ಪರೀಕ್ಷೆಯ ಮಾತಿಗೆ ಬರೋಣ.

ಅದರ ಹಿಂದಿನ ದಿನ ಮಧ್ಯಾಹ್ನ ತಂಗಿಯನ್ನು ಅವಳ ಕೆಲಸದ ಜಾಗದಿಂದ ಇಬ್ಬರು ಹೆಂಗಸರು ಹೊತ್ತು ತಂದರು. ತಂಗಿ ಬಾಟಲಿ ತೊಳೆಯುವ ಕಾರ್ಖಾನೆಯಲ್ಲಿದ್ದಳು. ಇಪ್ಪತ್ತಾರು ವರ್ಷ, ಮದುವೆಯಿಲ್ಲ, ಬಾಯಿ ಮಾತ್ರ ಊರಗಲ. ಆವತ್ತು ಆ ಬಾಯಿ ಹಲ್ಲು ಕಚ್ಚಿ ಮುಚ್ಚಿಕೊಂಡಿತ್ತು. ಹೊಟ್ಟೆಯ ಎಡಗಡೆ, ಕೆಳಗೆ, ಎರಡೂ ಕೈ ಒತ್ತಿಕೊಂಡು ಮುದುರಿ ಬಿದ್ದಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು.

ಡ್ಯೂಟಿ ಡಾಕ್ಟರಿಗೆ ಇನ್ನೂ ಮೀಸೆ ಸರಿಯಾಗಿ ಬಲಿತಿರಲಿಲ್ಲ. ಕುರ್ಚಿಯಿಂದ ಏಳದೆಯೇ ಕೇಳಿದ.

“ಮದುವೆ ಆಗಿದೆಯಾ?”

“ಇಲ್ಲ.”

“ಹಾಗಾದ್ರೆ ತಿಂಗಳು ನಿಂತಿದೆಯಾ? ನಿಜ ಹೇಳು.”

ಸಾಲಿನಲ್ಲಿ ನಿಂತಿದ್ದ ಹದಿನೈದು ಜನ ಕಿವಿ ನಿಮಿರಿಸಿದರು. ತಂಗಿ ಆ ನೋವಿನಲ್ಲೂ ತಲೆಯೆತ್ತಿ, “ನಿಂತಿರೋದು ನನ್ನ ಉಸಿರು, ಡಾಕ್ಟರೇ” ಅಂದಳು.

“ಬಾಯಿಗೇನೂ ಕಮ್ಮಿ ಇಲ್ಲ. ರಜೆ ಚೀಟಿ ಬೇಕಾಗಿರುತ್ತೆ ಇವರಿಗೆ” ಅಂತ ಅವನು ನರ್ಸಿಗೆ ಹೇಳಿದ. ಆಮೇಲೆ ಬಂದು ಸ್ಟೆತಾಸ್ಕೋಪನ್ನು ಎದೆಯ ಎಡಗಡೆ ಇಟ್ಟ. ಹುಬ್ಬು ಗಂಟಿಕ್ಕಿದ. ತೆಗೆದು, ಅದರ ಬಿಲ್ಲೆಯನ್ನು ಬೆರಳಿನಿಂದ ಟಕಟಕ ಬಡಿದು, ಮತ್ತೆ ಇಟ್ಟ. “ಇದೊಂದು ದರಿದ್ರ, ಸರಿಯಾಗಿ ಕೇಳಿಸೋದೇ ಇಲ್ಲ, ಸ್ಟೋರಿಗೆ ಬರೆದು ಬರೆದು ಸಾಕಾಯ್ತು” ಅಂದು ಕೊರಳಿಗೆ ಹಾಕಿಕೊಂಡ.

ಆ ಟಕಟಕ ಬಟ್ಟೆಯಕ್ಕನಿಗೆ ಗೊತ್ತಿತ್ತು. ಹನ್ನೊಂದು ವರ್ಷದಿಂದ ಪರೀಕ್ಷೆಗೆ ಬಂದ ಹುಡುಗರು ಅವಳ ಎದೆಯ ಮೇಲೆ ಇಟ್ಟು, ತೆಗೆದು, ಹೀಗೆಯೇ ಬಡಿದು ನೋಡುತ್ತಿದ್ದರು. ಇಬ್ಬರು ಅಕ್ಕತಂಗಿಯರ ಎದೆಯ ಮೇಲೂ ಯಂತ್ರ ಕೆಡುತ್ತದಾ?

“ಎಡಗಡೆ ನೋವು ಅಂದ್ರೆ ಗ್ಯಾಸು. ಅಪೆಂಡಿಕ್ಸಾಗಿದ್ರೆ ಬಲಗಡೆ ಬರ್ಬೇಕಿತ್ತು” ಅಂದ ಡ್ಯೂಟಿ ಡಾಕ್ಟರು ಚೀಟಿ ಬರೆಯುತ್ತಾ. “ಮನೇಲಿ ಯಾರಿಗಾದ್ರೂ ಹುಟ್ಟಿನಿಂದ ಏನಾದ್ರೂ ತೊಂದರೆ ಇದೆಯಾ?”

ಬಿಳಿ ಕೋಟು ಕೇಳಿತು. ಹನ್ನೊಂದು ವರ್ಷದ ಬಾಯಿಪಾಠ ತಾನಾಗಿಯೇ ಹೊರಗೆ ಬಂತು.

“ಏನೂ ಇಲ್ಲ, ಕೆಮ್ಮು ಅಷ್ಟೇ.”

ಹೇಳಿಯೇಬಿಟ್ಟಳು. ಯಾರೂ ಅವಳ ಕತ್ತು ಹಿಸುಕಿರಲಿಲ್ಲ.

ತಂಗಿಗೆ ಗುಲಾಬಿ ಬಣ್ಣದ ನೀರೌಷಧಿ ಕೊಟ್ಟರು. ಹಾಸಿಗೆ ಖಾಲಿಯಿಲ್ಲ ಅಂತ ಓಣಿಯ ಬೆಂಚಿನ ಮೇಲೆ ಮಲಗಿಸಿದರು. ಬೆಂಚಿಗೆ ಹಾಸಿದ ಬಟ್ಟೆ ಬಟ್ಟೆಯಕ್ಕನೇ ಒಗೆದದ್ದು, ಮೂಲೆಯಲ್ಲಿ ಅವಳದೇ ಅಕ್ಷರ.

ಮರುದಿನ ಬೆಳಗಾಗುವ ಹೊತ್ತಿಗೆ ತಂಗಿಯ ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಮುಟ್ಟಿದರೆ ಕಿರುಚುತ್ತಿದ್ದಳು. ಅಷ್ಟರಲ್ಲಿ ಜವಾನ ಬಂದ.

“ನಡಿಯಕ್ಕ, ಪರೀಕ್ಷೆ. ಎಂಟು ಜನ ಹುಡುಗರಿದ್ದಾರೆ. ಹೊರಗಿನಿಂದ ಪರೀಕ್ಷೆ ಮಾಡೋ ಮೇಡಂ ಬಂದಿದ್ದಾರೆ. ದೊಡ್ಡೋರು ನಿನ್ನನ್ನೇ ಕಾಯ್ತಿದ್ದಾರೆ.”

“ನನ್ನ ತಂಗಿ ಸಾಯ್ತಿದ್ದಾಳೆ ಕಣಪ್ಪಾ.”

“ದೊಡ್ಡೋರಿಗೇ ಹೇಳ್ಕೋ. ಅವರು ಒಂದು ಮಾತು ಅಂದ್ರೆ ಎಲ್ಲಾ ಓಡಿ ಬರ್ತಾರೆ.”

ಹೌದಲ್ಲ ಅನ್ನಿಸಿತು. ಲಾಂಡ್ರಿಯ ಜೊತೆಗಾತಿಯನ್ನು ತಂಗಿಯ ಪಕ್ಕ ಕೂರಿಸಿ ಓಡಿದಳು. ಜಾಡಿಗಳ ಓಣಿಯಲ್ಲಿ ದೊಡ್ಡ ಡಾಕ್ಟರು ಸಿಕ್ಕಿದರು. ಅವಳು ಕೈ ಮುಗಿದು ಎಲ್ಲ ಹೇಳಿದಳು. ಜ್ವರ, ನೋವು, ಬೆಂಚು, ಗುಲಾಬಿ ನೀರು. ಅವರು ಗಡಿಯಾರ ನೋಡಿಕೊಂಡರು.

“ಡ್ಯೂಟಿಯವರು ನೋಡಿದ್ದಾರಲ್ಲ? ಪರೀಕ್ಷೆ ಮುಗೀಲಿ, ಹೇಳ್ತೀನಿ. ಇವತ್ತು ಹೊರಗಿನವರಿದ್ದಾರೆ, ಜೋಪಾನ. ಬಾಯಿ ಬಿಡಬೇಡ.”

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಹಾಲಿನಲ್ಲಿ ಕಬ್ಬಿಣದ ಮಂಚ, ಪಕ್ಕದಲ್ಲಿ ಎರಡು ಕುರ್ಚಿ. ಅಂಗಿಯ ಗುಂಡಿ ಬಿಚ್ಚಿ ಮಲಗಿದಳು. ಮೊದಲನೆಯವನು ಬಂದ. ಅವನ ಕೈ ಮಂಜುಗಡ್ಡೆ. ಎಡಗಡೆ ಇಟ್ಟ, ಬಡಿದ, ಬೆವರಿದ, “ಎಲ್ಲಾ ಸರಿಯಾಗಿದೆ” ಅಂತ ಸುಳ್ಳು ಹೇಳಿ ಹೋದ. ದೊಡ್ಡ ಡಾಕ್ಟರು ಮೇಡಂ ಕಡೆ ನೋಡಿ ಕಣ್ಣು ಮಿಟುಕಿಸಿದರು. ಎರಡನೆಯವನು ಹೊಟ್ಟೆಯನ್ನು ಹಿಟ್ಟು ನಾದುವ ಹಾಗೆ ನಾದಿದ, ಏನೂ ಸಿಗದೆ ಹೋದ. ಅವಳು ಸೂರು ನೋಡುತ್ತಾ ಮನಸ್ಸಿನಲ್ಲೇ ತಂಗಿಯ ಉಸಿರು ಲೆಕ್ಕ ಹಾಕುತ್ತಿದ್ದಳು.

ಮೂರನೆಯವಳು ಕನ್ನಡಕದ ಹುಡುಗಿ. ತೆಳ್ಳಗೆ, ಹೆದರಿದ ಕಣ್ಣು. ಎಡಗಡೆ ಇಟ್ಟಳು. ಬಡಿಯಲಿಲ್ಲ. ಸ್ವಲ್ಪ ಯೋಚಿಸಿ ಸ್ಟೆತಾಸ್ಕೋಪನ್ನು ಮೆಲ್ಲಗೆ ಬಲಗಡೆಗೆ ಸರಿಸಿದಳು. ಅವಳ ಮುಖ ಅರಳಿತು. ಹೊಟ್ಟೆಯ ಎಡಗಡೆ ಬೆರಳಿಟ್ಟು ತಟ್ಟಿ ನೋಡಿದಳು.

“ಹೃದಯ ಬಲಗಡೆ ಇದೆ ಮೇಡಂ. ಲಿವರು ಎಡಗಡೆ. ಎಲ್ಲಾ ಅದಲುಬದಲು.”

ಬಟ್ಟೆಯಕ್ಕನ ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು. ಬಲಗಡೆ. ಹೌದು, ಅಲ್ಲೇ ಬಡಿಯುತ್ತಿತ್ತು. ಹುಟ್ಟಿದಾಗಿನಿಂದ ಅಲ್ಲೇ ಬಡಿದಿತ್ತು. ಎಲ್ಲರಿಗೂ ಅಲ್ಲೇ ಇರುತ್ತದೆ ಅಂದುಕೊಂಡಿದ್ದಳು ಅವಳು. ಇಷ್ಟು ವರ್ಷ ಹುಡುಗರು ಇಂಗ್ಲಿಷಿನಲ್ಲಿ ಹೇಳಿ ಹೋದದ್ದು ಅವಳಿಗೆ ಅರ್ಥವಾಗಿರಲಿಲ್ಲ.

“ಭೇಷ್” ಅಂದರು ಹೊರಗಿನ ಮೇಡಂ. “ಈಗ ಇದನ್ನ ಇವಳ ಮನೆಯವರಿಗೆ ಅರ್ಥ ಆಗೋ ಹಾಗೆ ಹೇಳು. ದೊಡ್ಡ ಪದ ಬೇಡ. ಇವರೇ ಮನೆಯವರು ಅಂದ್ಕೋ” ಅಂತ ದೊಡ್ಡ ಡಾಕ್ಟರನ್ನು ತೋರಿಸಿದರು. ದೊಡ್ಡ ಡಾಕ್ಟರು ನಗುತ್ತಾ ಕೈ ಕಟ್ಟಿಕೊಂಡು ಮನೆಯವರಾದರು. ಮಂಚದ ಮೇಲೆ ಮಲಗಿದ್ದವಳನ್ನು ಯಾರೂ ನೋಡಲಿಲ್ಲ.

ಹುಡುಗಿ ಅವರಿಗೆ ಹೇಳತೊಡಗಿದಳು. “ನೋಡಿ, ಮಗು ಹೊಟ್ಟೇಲಿ ಎಳ್ಳಿನಷ್ಟಿರೋವಾಗಲೇ ಯಾವುದು ಎಡ, ಯಾವುದು ಬಲ ಅಂತ ತೀರ್ಮಾನ ಆಗುತ್ತೆ. ಬಸುರಿ ಅಂತ ತಾಯಿಗೇ ಇನ್ನೂ ಗೊತ್ತಿರಲ್ಲ, ಮೂರನೇ ವಾರ. ಆಗ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಆಡಿ ಆಡಿ ನೀರನ್ನ ಒಂದು ಪಕ್ಕಕ್ಕೆ ತಳ್ತವೆ. ಅದೇ ಗುರುತು, ಇದು ಎಡ ಅಂತ. ಆ ರೋಮಗಳು ಆಡದೇ ಹೋದ್ರೆ ಗುರುತು ತಪ್ಪುತ್ತೆ. ಒಮ್ಮೊಮ್ಮೆ ಎಲ್ಲಾ ಉಲ್ಟಾ ಆಗುತ್ತೆ. ಅಂಥದ್ದೇ ರೋಮ ಮೂಗಲ್ಲಿ, ಶ್ವಾಸಕೋಶದಲ್ಲಿ ಇರೋದ್ರಿಂದ ಇವರಿಗೆ ಹುಟ್ಟಿನಿಂದ ನೆಗಡಿ, ಕೆಮ್ಮು. ಇದ್ರಲ್ಲಿ ತಾಯಿಯ ತಪ್ಪು ಏನೇನೂ ಇಲ್ಲ.”

ತಾಯಿಯ ತಪ್ಪು ಏನೇನೂ ಇಲ್ಲ.

ಅವ್ವ ಸತ್ತು ಆರು ವರ್ಷವಾಗಿತ್ತು. ಈ ಒಂದು ಮಾತನ್ನು ಈ ಕೈಕಟ್ಟಿದ ಮನುಷ್ಯ ಹನ್ನೊಂದು ವರ್ಷದಿಂದ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದ. ಅವಳು ಬದುಕಿದ್ದ ಐದು ವರ್ಷದಲ್ಲಿ ಒಮ್ಮೆ ಹೇಳಿದ್ದರೂ ಅವ್ವ ನಿಶ್ಚಿಂತೆಯಿಂದ ಸಾಯುತ್ತಿದ್ದಳು.

“ಇವಳಿಗೆ ಅಪೆಂಡಿಕ್ಸ್ ಬಂದ್ರೆ?” ಮೇಡಂ ಕೇಳಿದರು.

“ನೋವು ಎಡಗಡೆ ಬರುತ್ತೆ ಮೇಡಂ. ಗೊತ್ತಿಲ್ಲದವರು ಗ್ಯಾಸು ಅಂತ ಬಿಡ್ತಾರೆ. ಒಳಗೇ ಒಡೆದು ವಿಷ ಏರುತ್ತೆ.”

“ಒಡಹುಟ್ಟಿದವರಿಗೆ?”

“ಅವರಿಗೂ ಇರಬಹುದು. ಮನೆಯವರನ್ನೆಲ್ಲ ಕರೆಸಿ ನೋಡ್ಬೇಕು. ನೀವು ಉಲ್ಟಾ ಇದ್ದೀರಿ, ಯಾವ ಡಾಕ್ಟರ ಹತ್ರ ಹೋದ್ರೂ ಮೊದಲು ಇದನ್ನೇ ಹೇಳಿ ಅಂತ ಅವರಿಗೆ ತಿಳಿಸ್ಬೇಕು. ಅದೇ ಮುಖ್ಯ.”

“ಪೂರ್ತಿ ಅಂಕ” ಅಂದರು ದೊಡ್ಡ ಡಾಕ್ಟರು. ಬರೆದುಕೊಳ್ಳಲು ಪೆನ್ನು ತೆಗೆದರು.

ಬಟ್ಟೆಯಕ್ಕ ಎದ್ದು ಕೂತಳು.

“ಯಾಕೆ ಎದ್ದೆ? ಮಲಕ್ಕೋ, ಇನ್ನೂ ಐದು ಜನ ಇದ್ದಾರೆ.”

“ನನ್ನ ತಂಗಿಗೆ ಎಡಗಡೆ ನೋವು.”

“ಬಾಯಿ!” ಅಂದರು ದೊಡ್ಡ ಡಾಕ್ಟರು.

“ನಿನ್ನೆ ಮಧ್ಯಾಹ್ನದಿಂದ. ಬೆಂಚಿನ ಮೇಲಿದ್ದಾಳೆ. ಅವಳಿಗೂ ಇದೇ ಕೆಮ್ಮು. ಅವಳ ಎದೆ ಮೇಲೂ ಯಂತ್ರ ಕೆಟ್ಟಿತ್ತು. ನಿಮಗೆ ಗೊತ್ತಿತ್ತಲ್ಲ. ಇಷ್ಟೆಲ್ಲಾ ನಿಮಗೆ ಗೊತ್ತಿತ್ತಲ್ಲ!”

“ಪರೀಕ್ಷೆ ಮುಗಿದ ಮೇಲೆ ನೋಡೋಣ ಅಂದೆನಲ್ಲ. ಈ ಐದು ಮಕ್ಕಳ ಭವಿಷ್ಯ ಹಾಳು ಮಾಡ್ತೀಯಾ? ಮಲಗು ಸುಮ್ನೆ. ಕೆಲಸ ಬೇಕೋ ಬೇಡ್ವೋ?”

ಅವಳು ಅಂಗಿಯ ಗುಂಡಿ ಹಾಕಿಕೊಂಡಳು. ಒಂದೊಂದಾಗಿ ಹಾಕಿಕೊಂಡಳು. ಒಂದನ್ನೂ ಬಿಡಲಿಲ್ಲ. ಮಂಚದಿಂದ ಇಳಿದು ಬಾಗಿಲ ಕಡೆ ನಡೆದಳು. ಜವಾನ ಅಡ್ಡ ನಿಂತ. ಒದ್ದೆ ಗಂಟು ಎತ್ತುವ ಹೆಗಲು ಅದು. ಅವನನ್ನು ಪಕ್ಕಕ್ಕೆ ಸರಿಸಿ ಬಾಗಿಲು ತೆಗೆದಳು. ಹೊರಗೆ ಜಾಡಿಗಳ ಮುಂದೆ ಐದು ಜನ ಹುಡುಗರು ಪುಸ್ತಕ ಹಿಡಿದು ತುಟಿ ಆಡಿಸುತ್ತಾ ನಿಂತಿದ್ದರು.

“ಕೇಳ್ರಪ್ಪಾ!” ಅಂತ ಕೂಗಿದಳು. “ನನ್ನ ಗುಂಡಿಗೆ ಬಲಗಡೆ ಇದೆ! ಲಿವರು ಎಡಗಡೆ! ನನ್ನ ಒಳಗೆ ಎಲ್ಲಾ ಉಲ್ಟಾ! ಕೇಳಿಸ್ತಾ? ಪರೀಕ್ಷೆ ಮುಗೀತು. ಈಗ ನನ್ನ ತಂಗೀನ ನೋಡ್ರೋ!”

ಹನ್ನೊಂದು ವರ್ಷ ಜೋಪಾನ ಮಾಡಿದ ಗುಟ್ಟು ಒಂದೇ ಉಸಿರಿಗೆ ಬೀದಿಗೆ ಬಿದ್ದಿತ್ತು. ಇನ್ನು ಅವಳು ಮಲಗಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ದೊಡ್ಡ ಡಾಕ್ಟರ ಮುಖ ಬಿಳುಚಿತು. “ಹೊರಗಿನವರ ಮುಂದೆ ಮಾನ ಕಳೆದಳು” ಅಂತ ಗೊಣಗಿದರು. ಮಾನದ ಮಾತು ಆಡಿದರು ಮಹಾರಾಯರು, ಹನ್ನೊಂದು ವರ್ಷ ಅವಳ ಅಂಗಿ ಬಿಚ್ಚಿಸಿದವರು!

ಮೊದಲು ಓಡಿದವಳು ಆ ಕನ್ನಡಕದ ಹುಡುಗಿ. ಹೊರಗಿನ ಮೇಡಂ ಒಂದು ಗಳಿಗೆ ಕುರ್ಚಿಯಲ್ಲೇ ಕೂತಿದ್ದರು. ಆಮೇಲೆ ಅವರೂ ಎದ್ದರು. ನಾಚಿಕೆಗೆ ಎದ್ದರೋ, ಕರುಣೆಗೆ ಎದ್ದರೋ, ನಾಳೆ ತಮ್ಮ ಮೇಲೆ ಬರಬಾರದು ಅಂತ ಎದ್ದರೋ, ಅದನ್ನು ಬಟ್ಟೆಯಕ್ಕ ಇವತ್ತಿಗೂ ಖಚಿತವಾಗಿ ಹೇಳುವುದಿಲ್ಲ. ಎದ್ದರು, ಅಷ್ಟು ಸಾಕು.

ಬೆಂಚಿನ ಮೇಲೆ ತಂಗಿಯ ತುಟಿ ಬೂದಿಯಾಗಿತ್ತು. ಹುಡುಗಿ ಸ್ಟೆತಾಸ್ಕೋಪನ್ನು ನೇರ ಬಲಗಡೆಗೇ ಇಟ್ಟಳು.

“ಇಲ್ಲಿದೆ” ಅಂದಳು. ಅವಳ ಕಣ್ಣಲ್ಲಿ ನೀರು ಬಂತು.

ಎಡಗಡೆ ಕೊಯ್ದರು. ಒಳಗೆ ಒಡೆದು ಕೀವು ಹರಡಿತ್ತು. ತಂಗಿ ಬದುಕಿದಳು. ಹಾಗಂತ ಯಾರೂ ಸಿಹಿ ಹಂಚಬೇಕಾಗಿಲ್ಲ. ಹೊಟ್ಟೆಯಲ್ಲಿ ಕೊಳವೆ ಇಟ್ಟುಕೊಂಡು ಹತ್ತೊಂಬತ್ತು ದಿನ ನರಳಿದಳು. ಬಾಟಲಿ ಕಾರ್ಖಾನೆಯವರು ಅವಳ ಜಾಗಕ್ಕೆ ಬೇರೆಯವಳನ್ನು ತೆಗೆದುಕೊಂಡರು. ಬಟ್ಟೆಯಕ್ಕನಿಗೆ ಮೇಲಿನಿಂದ ಕಾಗದ ಬಂತು, ಶಿಸ್ತು ಮೀರಿದ್ದಕ್ಕೆ ಕಾರಣ ಕೊಡು ಅಂತ. ಡ್ಯೂಟಿ ಡಾಕ್ಟರಿಗೆ ಯಾವ ಕಾಗದವೂ ಬರಲಿಲ್ಲ. ಕಾರಣ ಏನು ಬರೆಯಲಿ ಅಂತ ಅವಳು ಲಾಂಡ್ರಿಯಲ್ಲಿ ಕೂತು ಬಹಳ ಹೊತ್ತು ಯೋಚಿಸಿದಳು. ಆಮೇಲೆ ಮಸಿ ಸೀಸೆಯನ್ನೂ ಬರೆಯುವ ಕಡ್ಡಿಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ವಾರ್ಡಿಗೆ ಹೋದಳು.

ಇಪ್ಪತ್ತನೇ ದಿನ ದೊಡ್ಡ ಡಾಕ್ಟರು ತಂಗಿಯ ಮಂಚದ ಹತ್ತಿರ ಬಂದರು. ಹಿಂದೆ ಹತ್ತು ಹನ್ನೆರಡು ಹುಡುಗರು, ಕನ್ನಡಕದವಳೂ ಇದ್ದಳು. ದೊಡ್ಡ ಡಾಕ್ಟರ ಮುಖದಲ್ಲಿ ಮತ್ತೆ ಅದೇ ಮದುವೆ ಮನೆಯ ನಗು.

“ಅಕ್ಕ ತಂಗಿ ಇಬ್ಬರೂ! ಇಂಥದ್ದು ನನ್ನ ಸರ್ವೀಸಿನಲ್ಲೇ ನೋಡಿಲ್ಲ. ಅವಳದ್ದು ಎಲ್ಲರಿಗೂ ಗೊತ್ತಾಗಿಹೋಯ್ತು, ಪರವಾಗಿಲ್ಲ. ಇವಳದ್ದು ಮುಂದಿನ ತಂಡಕ್ಕೆ ಗೊತ್ತಿಲ್ಲ.” ತಂಗಿಯ ಕಡೆ ಬಗ್ಗಿದರು. “ನೋಡಮ್ಮ, ವರ್ಷಕ್ಕೆ ಎರಡೇ ದಿನ. ಚಹಾ ಬನ್ನು ಕೊಡ್ತಾರೆ. ನಿಮ್ಮಕ್ಕನ ಕಾಗದವನ್ನೂ ನಾನು ಹರಿದುಹಾಕಿಸ್ತೀನಿ. ನೀನು ಬಾಯಿ ಬಿಡಬಾರದು, ಅಷ್ಟೇ.”

“ನಾನು ಬಿಡಲ್ಲ ಡಾಕ್ಟರೇ” ಅಂದಳು ತಂಗಿ. “ನೀವೇ ನೋಡ್ಕೊಳ್ಳಿ.”

ಅವರು ಹೊದಿಕೆ ಸರಿಸಿದರು. ಅವರ ನಗು ಅಲ್ಲೇ ನಿಂತಿತು.

ಎದೆಯ ಮೇಲೆ, ಕೊರಳಿನ ಕೆಳಗೆ, ಕಪ್ಪು ಅಕ್ಷರ. ಹಾಸುಬಟ್ಟೆಯ ಮೂಲೆಯಲ್ಲಿರುತ್ತಿದ್ದ ಅದೇ ಗುಂಡು ಗುಂಡಾದ ಅಕ್ಷರ.

“ಸ್ಪಿರಿಟ್ ತನ್ನಿ” ಅಂದರು ನರ್ಸಿಗೆ. ನರ್ಸು ಹತ್ತಿಯಿಂದ ಉಜ್ಜಿದಳು. ಚರ್ಮ ಕೆಂಪಾಯಿತು, ಅಕ್ಷರ ಹಾಗೇ ಇತ್ತು. ಇನ್ನೊಮ್ಮೆ ಉಜ್ಜಲು ಹೋದಾಗ ತಂಗಿ ಅವಳ ಕೈ ಹಿಡಿದಳು. “ಸಾಕು. ಇದು ನನ್ನ ಮೈ.”

“ಎಂಟು ಸಲ ಕುದಿಸಿದ್ರೂ ಹೋಗಲ್ಲ ಸಾರ್” ಅಂದಳು ಬಟ್ಟೆಯಕ್ಕ. ಕೊಳೆಬಟ್ಟೆಯ ಗಂಟು ಹೊತ್ತು ಬಾಗಿಲಲ್ಲಿ ನಿಂತಿದ್ದಳು. “ಚರ್ಮದ ಮೇಲಾದ್ರೆ ಹದಿನೈದು ದಿನ ಇರುತ್ತೆ. ಆಮೇಲೆ ಮತ್ತೆ ಬರೀತೀನಿ. ಮಸಿಗೇನು ಬರ?”

ಗಂಟನ್ನು ನೆಲಕ್ಕೆ ಹಾಕಿ ಹತ್ತಿರ ಬಂದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ, ಯಾರೂ ಹೇಳದೆ, ಅಂಗಿಯ ಮೇಲಿನ ಎರಡು ಗುಂಡಿಯನ್ನು ತಾನೇ ಬಿಚ್ಚಿದಳು. ಅಲ್ಲೂ ಅದೇ ಅಕ್ಷರ.

“ಓದವ್ವ” ಅಂದಳು ಕನ್ನಡಕದ ಹುಡುಗಿಗೆ. “ಎಲ್ಲರಿಗೂ ಕೇಳೋ ಹಾಗೆ ಓದು.”

ಹುಡುಗಿ ದೊಡ್ಡ ಡಾಕ್ಟರ ಮುಖ ನೋಡಿದಳು. ಆಮೇಲೆ ಅವರನ್ನು ನೋಡುವುದು ಬಿಟ್ಟು ಗಟ್ಟಿಯಾಗಿ ಓದಿದಳು.

“ಗುಂಡಿಗೆ ಬಲಗಡೆ. ನೋವು ಬಂದರೆ ಎಡಗಡೆ ನೋಡಿ. ನಮ್ಮನ್ನು ಕೇಳದೆ ಮುಟ್ಟಬೇಡಿ.”